ಮೂರು ಬಾಟಲಿ ಹುಳಿ

೧೯ ಆಗಸ್ಟ್ ೧೯೫೭

ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೆ ಈ ವಹಿ. ಕನ್ನಡದಲ್ಲಿ ಬರೆದರೆ ಭಯವಿಲ್ಲ. ನಾನು ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ನನ್ನ ಹೆಂಡತಿ ಮದೀನಾಬಿಗೆ ಓದಲು ಬರುವುದು ಉರ್ದು ಮಾತ್ರ.

ವಿಷಯ ಇಷ್ಟೇ: ನನ್ನ ಮೂಗು ಸತ್ತಿದೆ. ಜುಲೈಯಲ್ಲಿ ಊರಿಗೆಲ್ಲ ಬಂದ ಫ್ಲೂ ಜ್ವರ ನನಗೂ ಬಂತು, ಎಂಟು ದಿನ ಮಲಗಿಸಿತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ನಾನು ಅಡುಗೆಯವನು. ಬಟ್ಟೆ ಗಿರಣಿಯ ಬಂಗಲೆಗೆ ಬರುವ ಸಾಹೇಬರುಗಳಿಗೆ ಇಪ್ಪತ್ತೆರಡು ವರ್ಷದಿಂದ ಬೇಯಿಸಿ ಹಾಕುತ್ತಿದ್ದೇನೆ.

ಅದೂ ಎಂಥ ಅಡುಗೆಯವನು! ನನ್ನ ಉಸ್ತಾದರು ರೋಜಾ ತಿಂಗಳಲ್ಲಿ ಉಪವಾಸವಿದ್ದುಕೊಂಡೇ ಸಾಹೇಬರುಗಳಿಗೆ ಅಡುಗೆ ಮಾಡುತ್ತಿದ್ದರು. ನಾಲಿಗೆಗೆ ಹನಿ ತಾಗಿಸುವಂತಿಲ್ಲ. ಮುಚ್ಚಳ ತೆಗೆದು, ಹಬೆ ಮೂಸಿ, "ಉಪ್ಪು ಇನ್ನರ್ಧ ಚಮಚ" ಎನ್ನುತ್ತಿದ್ದರು. ಆ ವಿದ್ಯೆ ನನಗೂ ಬಂತು. ನಾನು ಅದನ್ನು ರೋಜಾಕ್ಕೆ ಮಾತ್ರ ಇಟ್ಟುಕೊಳ್ಳದೆ ಹನ್ನೆರಡು ತಿಂಗಳೂ ನಡೆಸಿದೆ. ಸೌಟು ನೆಕ್ಕಿ ನೋಡುವ ಅಡುಗೆಯವರನ್ನು ಕಂಡರೆ ನಗುತ್ತಿದ್ದೆ. ಈಗ ಹಬೆ ಮೂಸಿದರೆ ಮುಖ ಬೆವರುತ್ತದೆ, ಅಷ್ಟೇ.

ಯಾರಿಗೂ ತಿಳಿಯಬಾರದು. ತಿಳಿದರೆ ಕೆಲಸ ಹೋಯಿತು.

೨೩ ಆಗಸ್ಟ್

ಬಂಗಲೆಯಲ್ಲಿ ಈಗ ಇರುವವರು ಒಬ್ಬರೇ, ಪೀಟರ್ಸ್ ಸಾಹೇಬರು. ಬೆಲ್ಜಿಯಂ ಎಂಬ ದೇಶದಿಂದ ಗಿರಣಿಗೆ ಹೊಸ ಮಗ್ಗಗಳು ಬಂದಿವೆ, ಅವುಗಳನ್ನು ಜೋಡಿಸಲು ಬಂದವರು. ಉದ್ದನೆಯ ಆಸಾಮಿ, ಮಾತು ಕಡಿಮೆ. ಗಿರಣಿಯ ಕೆಲಸಗಾರರಿಂದ ನಾಲ್ಕು ಕನ್ನಡ ಶಬ್ದ ಕಲಿತಿದ್ದಾರೆ: ಛಲೋ, ಸಾಕ್ರಿ, ಲಗೂ, ಖಾರ ಬ್ಯಾಡ.

ಇವತ್ತು ಮಧ್ಯಾಹ್ನ ಐದನೆಯ ಶಬ್ದ ಕಲಿತರು: ಉಪ್ಪು. ನಾನು ಸಾರಿಗೆ ಎರಡು ಸಲ ಹಾಕಿದ್ದೆನಂತೆ. ಬಂಗಲೆಯ ಮೇಲ್ವಿಚಾರಕ ಗೋವಿಂದಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಏನಪಾ ಖಾದರಬಾಷಾ, ಸಾಹೇಬರನ್ನ ಉಪ್ಪಿನಕಾಯಿ ಹಾಕಾಕತ್ತೀಯೇನು? ಹೋದ ವಾರ ಸೀದು ಹೋಗಿತ್ತು, ಈ ವಾರ ಹಿಂಗ. ಇನ್ನೊಮ್ಮೆ ಕಂಪ್ಲೇಂಟ್ ಬಂತಂದ್ರ ನಾ ಬ್ಯಾರೆದವ್ರನ್ನ ನೋಡಬೇಕಾಕ್ಕೈತಿ."

"ಜ್ವರದ ನಿಶ್ಶಕ್ತಿರಿ ಸಾಹೇಬರ, ಇನ್ನ ಹಂಗಾಗಂಗಿಲ್ಲ" ಎಂದೆ.

ಮನೆಗೆ ಬಂದು ಬೇಳೆ ಅನ್ನ ಉಂಡೆ. ಛಲೋ ಆಗೈತಿ ಎಂದೆ. ಮದೀನಾ ನನ್ನ ಮುಖವನ್ನೇ ನೋಡಿದಳು. ಹೊಗಳಿದ್ದು ರೂಢಿ ಇಲ್ಲ, ಅದಕ್ಕಿರಬೇಕು.

೨೫ ಆಗಸ್ಟ್

ಇಂಗು ಮೂಸಿದೆ. ಇಲ್ಲ. ಸೀಮೆಎಣ್ಣೆ. ಇಲ್ಲ. ಈದ್ ಹಬ್ಬದ ಅತ್ತರು. ಇಲ್ಲ. ಹಕೀಮರು ಕೊಟ್ಟ ಪುಡಿಗೆ ಇಪ್ಪತ್ತು ಸೀನು ಬಂದವು, ವಾಸನೆ ಬರಲಿಲ್ಲ.

೩ ಸೆಪ್ಟೆಂಬರ್

ಪೀಟರ್ಸ್ ಸಾಹೇಬರಿಗೆ ತಾರು ಬಂತು. ಭಾನುವಾರ ಅವರ ತಂದೆ ತೀರಿಕೊಂಡಿದ್ದಾರೆ. ಹಡಗಿನಲ್ಲಿ ಹೋದರೆ ತಿಂಗಳು ಹಿಡಿಯುತ್ತದೆ, ಮಗ್ಗಗಳು ಅರ್ಧಕ್ಕೆ ನಿಂತಿವೆ, ಹೋಗುವ ಹಾಗಿಲ್ಲ. ಮಧ್ಯಾಹ್ನದವರೆಗೆ ವರಾಂಡದಲ್ಲಿ ಕೂತೇ ಇದ್ದರು. ಚಹಾ ಇಟ್ಟೆ, ಆರಿಹೋಯಿತು. ಇನ್ನೊಂದು ಇಟ್ಟೆ, ಅದೂ ಆರಿತು.

ಸಂಜೆ ಗೋವಿಂದಪ್ಪನವರ ಜೊತೆ ಅಡುಗೆಮನೆಗೆ ಬಂದರು. ಕೈಯಲ್ಲಿ ದಪ್ಪ ಹಸಿರು ಗಾಜಿನ ಮೂರು ಬಾಟಲಿ. ಮಗ್ಗದ ಬಿಡಿ ಭಾಗಗಳ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಬಂದವು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಗೋವಿಂದಪ್ಪನವರು ನನಗೆ ಹೇಳಿದರು.

"ಇದು ಇವ್ರ ತಂದಿಯವ್ರು ಮಾಡಿದ್ದ ಬಿಯರಂತ. ದಾರೂಬಂದಿ ಇದ್ರೂ ಸಾಹೇಬರ ಹತ್ರ ಪರ್ಮಿಟ್ ಐತಿ, ನೀ ಅಂಜಬ್ಯಾಡ. ಇನ್ನ ಇಷ್ಟ ಉಳದಾವು. ಮಾಡಾವ್ರ ಹೋದ್ರು. ಇದರ ಜೋಡಿ ಹೊಂದು ಊಟ ನಮ್ಮ ಕಡೆ ಏನರೆ ಐತೇನು ಅಂತ ಕೇಳಾಕತ್ತಾರ. ತಂದಿ ಹೆಸರಿಲೆ ಒಂದ ಊಟ ಮಾಡಬೇಕಂತ."

ನಮ್ಮಲ್ಲಿಯೂ ನಲವತ್ತನೆಯ ದಿನ ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತೇವೆ ಎಂದೆ. ಗೋವಿಂದಪ್ಪನವರು ಅದನ್ನು ಹೇಳಿದ ಕೂಡಲೇ ಸಾಹೇಬರು ಬೆರಳೆಣಿಸಿ ನೋಡಿದರು. ಅಕ್ಟೋಬರ್ ಹತ್ತು. ಅವತ್ತೇ ಎಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಒಂದು ಬಾಟಲಿ ತೆಗೆದು ಯಾವ ಊಟ ಕೂಡುತ್ತದೆ ನೋಡುವುದು.

ಬಾಟಲಿಗಳನ್ನು ನೀರಿನ ಗಡಿಗೆಯ ಕೆಳಗಿನ ತೇವದ ಮರಳಿನಲ್ಲಿ ಹುಗಿದಿಟ್ಟೆ. ಕುಡಿಯುವುದು ನನಗೆ ಹರಾಮು. ಮೂಸುವುದರ ಬಗ್ಗೆ ಯಾರನ್ನೂ ಕೇಳಲು ಹೋಗಿಲ್ಲ, ಕೇಳಿದರೆ ಉತ್ತರ ಸಿಕ್ಕೀತೆಂಬ ಭಯ. ಮೂಗಿಲ್ಲದವನಿಗೆ ಆ ಚಿಂತೆಯೂ ಯಾಕೋ.

೮ ಸೆಪ್ಟೆಂಬರ್

ಇವತ್ತು ಮಾಡಿದ್ದು ಪಾಪ.

ಸಾಹೇಬರು ಗಿರಣಿಯಿಂದ ಬರುವ ಮೊದಲು ಬಾಟಲಿ ತೆಗೆದು ಸಿದ್ಧವಾಗಿಡಲು ಹೇಳಿದ್ದರು. ಬಿರಡೆ ಬಂದೂಕಿನಂತೆ ಹಾರಿ ತೊಲೆಗೆ ಬಡಿಯಿತು. ಗೋವಿಂದಪ್ಪನವರು ಓಡಿ ಬಂದರು, ಬಗ್ಗಿ ಮೂಸಿದರು, ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು.

"ಥೂ, ನಾರತೈತಿ! ಹುಳಿ ಬಂದ ಕೆಟ್ಟೈತಿ. ಹಡಗದಾಗ, ರೈಲಿನ್ಯಾಗ ಬೆಂದು ಬಂದೈತಲಾ. ನೀ ನೋಡ, ನಿನ್ನ ಮೂಗು ಸುಳ್ಳ ಹೇಳಂಗಿಲ್ಲ."

ನಾನು ಬಗ್ಗಿ ಮೂಸಿದೆ. ಏನೂ ಇಲ್ಲ. ಏನೂ ಇಲ್ಲ ಎನ್ನಬಹುದಿತ್ತು. "ಹೌದ್ರಿ, ಕೆಟ್ಟೈತ್ರಿ" ಎಂದೆ, ಮುಖವನ್ನೂ ಕಿವಿಚಿದೆ. ಅವರು ಚೆಲ್ಲೆಂದರು. ಬಚ್ಚಲಿಗೆ ಸುರಿದೆ. ನೊರೆ ಬಹಳ ಹೊತ್ತು ಬುಸುಗುಟ್ಟುತ್ತಿತ್ತು.

ಸಾಹೇಬರು ಬಂದು ಖಾಲಿ ಬಾಟಲಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

೯ ಸೆಪ್ಟೆಂಬರ್

ಊಟ ಸೇರಲಿಲ್ಲ. ಅವರಿಗೂ, ನನಗೂ.

೧೩ ಸೆಪ್ಟೆಂಬರ್

ಶುಕ್ರವಾರ. ನಮಾಜು ಮುಗಿಸಿ ಬಂದು ಬೇಳೆ ಅನ್ನ ಉಣ್ಣುತ್ತಿದ್ದೆ. ಮದೀನಾ ಎದುರಿಗೆ ಕೂತು ಕೇಳಿದಳು. ನಮ್ಮ ಮನೆಯ ಮಾತು ಬೇರೆ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಹೆಂಗಾಗೈತ್ರಿ?"

"ಛಲೋ ಆಗೈತಿ."

"ಉಪ್ಪು?"

"ಸರಿ ಐತಲ್ಲ."

"ಉಪ್ಪ ಹಾಕಿಲ್ರಿ. ಐದು ಶುಕ್ರವಾರ ಆತು, ಬ್ಯಾಳ್ಯಾಗ ಉಪ್ಪ ಹಾಕಿಲ್ಲ. ಹತ್ತೊಂಬತ್ತು ವರ್ಷ ಸಂಸಾರ ಮಾಡೇನಿ, ಒಂದು ದಿನ ನನ್ನ ಅಡಗಿಗೆ ಹೆಸರಿಡದ ಎದ್ದಾವ್ರಲ್ಲ ನೀವು. ಜ್ವರ ಬಿಟ್ಟ ಮ್ಯಾಲೆ ದಿನಾ ಛಲೋ, ದಿನಾ ಛಲೋ. ನನಗ ಅಂಜಿಕಿ ಬಂತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೂಗು ಮುಟ್ಟಿ ನೋಡಿಕೊಂಡೆ. ಆಮೇಲೆ ಎಲ್ಲ ಹೇಳಿದೆ, ಬಚ್ಚಲಿಗೆ ಸುರಿದದ್ದನ್ನೂ. ಕಣ್ಣಲ್ಲಿ ನೀರು ಬಂತು. ಐವತ್ತರ ಗಂಡಸು, ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಅವಳು ತಾಟು ತೆಗೆಯುತ್ತ, "ನಾಳಿಂದ ನಿಮ್ಮ ಜೋಡಿ ಬಂಗಲೇಕ ಬರತೇನಿ. ನೀವು ಮಾಡ್ರಿ, ನಾ ರುಚಿ ನೋಡತೇನಿ" ಎಂದಳು. ನನ್ನ ಅಡುಗೆಮನೆಯಲ್ಲಿ ಬೇರೆಯವರು ಕಾಲಿಟ್ಟದ್ದೇ ಇಲ್ಲ. ಅದನ್ನು ಹೇಳಿದೆ. "ನಾ ಬ್ಯಾರೆಯಾಕಿ ಏನ್ರಿ?" ಎಂದಳು.

೧೫ ಸೆಪ್ಟೆಂಬರ್

ಮದೀನಾ ಬಂದು ಎರಡು ದಿನವಾಯಿತು. ಸಾರಿಗೆ ಸಾಹೇಬರು ಛಲೋ ಎಂದರು. ಹೊಗಳಿಸಿಕೊಂಡವನು ನಾನು, ರುಚಿ ಅವಳದು.

ಮಧ್ಯಾಹ್ನ ಸಾಹೇಬರು ಬಂದು ಉಳಿದೆರಡು ಬಾಟಲಿಯನ್ನು ಮರಳಿನಿಂದ ತೆಗೆದರು. ಬಚ್ಚಲ ಕಡೆಗೆ ನಡೆದರು. ಒಂದು ಕೆಟ್ಟರೆ ಮೂರೂ ಕೆಟ್ಟಿರುತ್ತವೆ, ಅಪ್ಪನ ಕೊನೆಯ ಬಿಯರು ಕೆಟ್ಟ ರುಚಿಯಲ್ಲಿ ನೆನಪುಳಿಯುವುದು ಬೇಡ ಅನ್ನುತ್ತಾರೆ ಎಂದು ಗೋವಿಂದಪ್ಪನವರು ಹೇಳಿದರು.

ಒಲೆಯ ಬಳಿ ಮದೀನಾ ನನ್ನ ಕಡೆ ನೋಡಿದಳು.

ಸಾಹೇಬರಿಗೆ ನಿಜ ಹೇಳಬೇಕೆಂದರೆ ಗೋವಿಂದಪ್ಪನವರ ಬಾಯಿಯಿಂದಲೇ ಹೇಳಿಸಬೇಕು. ಅವರಿಗೆ ಗೊತ್ತಾದರೆ ನನ್ನ ಅನ್ನ ಹೋಯಿತು. ಓಡಿ ಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ನಿಂತೆ.

"ಗೋವಿಂದಪ್ಪನವರ, ಸಾಹೇಬರಿಗೆ ಚೆಲ್ಲಬ್ಯಾಡ್ರಿ ಅಂತ ಹೇಳ್ರಿ. ಅವತ್ತು ಅದು ಕೆಟ್ಟಿತ್ತೋ ಇಲ್ಲೋ ನನಗ ಗೊತ್ತಿಲ್ರಿ. ಜ್ವರ ಬಂದಾಗಿಂದ ನನಗ ವಾಸನಿ ಇಲ್ಲ, ರುಚಿ ಇಲ್ಲ. ನಾ ಸುಳ್ಳ ಹೇಳಿದ್ದೆ."

ಗೋವಿಂದಪ್ಪನವರು ದೊಡ್ಡ ಮನುಷ್ಯರು, ತಮ್ಮ ತಪ್ಪನ್ನೂ ಸೇರಿಸಿಯೇ ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ಬಾಟಲಿಗಳನ್ನು ಎದೆಗೆ ಹಿಡಿದುಕೊಂಡು ನನ್ನನ್ನು ನೋಡುತ್ತಲೇ ಇದ್ದರು. ಕೊನೆಗೆ ಮೆಲ್ಲಗೆ ನಕ್ಕು ಏನೋ ಹೇಳಿದರು.

"ಆ ಬಿಯರು ಹುಳೀನ ಇರಬೇಕಂತ! ಎರಡು ವರ್ಷ, ಮೂರು ವರ್ಷ ಪೀಪಾಯಿದಾಗಿಟ್ಟು ಹುಳಿ ಬರಸ್ತಾರಂತ. ಹೆಪ್ಪು ಹಾಕಂಗಿಲ್ಲ, ಗಾಳ್ಯಾಗ ಬಂದದ್ದ ಹೆಪ್ಪು. ಕೋಣ್ಯಾಗಿನ ಜೇಡರ ಬಲಿ ಸೈತ ತಗಿಯಂಗಿಲ್ಲಂತ. ಇದೆಂಥಾ ಮಡಿನೋ ಮಾರಾಯಾ" ಎಂದರು ಗೋವಿಂದಪ್ಪನವರು. ನಂತರ ದನಿ ಬದಲಿಸಿದರು. "ಖಾದರಬಾಷಾ, ಮೂಗಿಲ್ಲದ ಅಡಗಿಯವನ್ನ ನಾ ಇಟ್ಟಕೊಳ್ಳಾಕ ಬರಂಗಿಲ್ಲಪಾ. ಈ ನಲವತ್ತರ ಊಟ ಆಗಲಿ. ಆಮ್ಯಾಲೆ ನೋಡೋಣು."

ಹೇಳಿದ ಮೇಲೆ ಹಸಿವಾಯಿತು. ಎರಡು ರೊಟ್ಟಿ ತಿಂದೆ.

೨೨ ಸೆಪ್ಟೆಂಬರ್

ಎರಡನೆಯ ಬಾಟಲಿ. ನನ್ನ ಕೈಯ ಅತ್ಯುತ್ತಮ ಪದಾರ್ಥವೆಂದರೆ ಮಟನ್ ಪಲಾವು. ಮಸಾಲೆ, ಲವಂಗ, ಹಸಿಮೆಣಸಿನಕಾಯಿ, ಏನೂ ಕಡಿಮೆ ಮಾಡಲಿಲ್ಲ. ಮದೀನಾ ರುಚಿ ನೋಡಿ ಭೇಷ್ ಎಂದಳು.

ಸಾಹೇಬರು ಬಿಯರನ್ನು ಗಾಜಿನ ಲೋಟಕ್ಕೆ ವಾರೆಯಾಗಿ ಸುರಿದರು. ಜೇನಿನ ಬಣ್ಣ, ಮೇಲೆ ಬಿಳಿ ನೊರೆ. ಮೊದಲು ಮೂಸಿದರು, ಕಣ್ಣು ಮುಚ್ಚಿದರು, ಒಂದು ಗುಟುಕು ಬಾಯಲ್ಲಿ ತಿರುಗಿಸಿ ನುಂಗಿದರು. ಮುಖ ಅರಳಿತು. ಕೆಟ್ಟಿಲ್ಲ! ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಮರುಕ್ಷಣವೇ ಬಚ್ಚಲಿಗೆ ಹೋದ ಬಾಟಲಿ ನೆನಪಾಗಿ ಮತ್ತೆ ಏರಿತು.

ಪಲಾವಿನ ತುತ್ತು, ಮೇಲೊಂದು ಗುಟುಕು. ಮುಖ ಮುದುಡಿತು. ನಾಲಿಗೆ ಸತ್ತವನಿಗೆ ಎದುರಿನವರ ಮುಖವೇ ನಾಲಿಗೆ. ಬಿಯರಿನ ಗುಳ್ಳೆ ಖಾರವನ್ನು ಕೆರಳಿಸುತ್ತದೆ, ಲವಂಗ ಬಿಯರಿನ ಕುತ್ತಿಗೆ ಹಿಸುಕುತ್ತದೆ ಎಂದು ತಿಳಿಯಿತು. ಸೌಜನ್ಯಕ್ಕೆ ತಾಟು ಖಾಲಿ ಮಾಡಿದರು. ಕೂಡಲಿಲ್ಲ.

ಲೋಟ ತೊಳೆಯಲು ಒಯ್ದೆ. ತಳದಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ಅಭ್ಯಾಸಬಲ, ಮೂಗಿನ ಹತ್ತಿರ ಹಿಡಿದೆ.

ಬಿಜಲಿ!

ಬಿಜಲಿ ನಮ್ಮ ಅಪ್ಪನ ಟಾಂಗಾದ ಕುದುರೆ. ಹೆಸರು ಬಿಜಲಿ, ನಡಿಗೆ ಎಮ್ಮೆಯದು. ಅದರ ಬೆವರು, ಒದ್ದೆ ಕಂಬಳಿ, ಚರ್ಮದ ಲಗಾಮು, ಲಾಯದ ಹುಲ್ಲು. ಎಲ್ಲ ಒಂದೇ ಸಲ ಮೂಗಿನೊಳಗೆ ಬಂತು. ಮತ್ತೆ ಮೂಸಿದೆ, ಹೋಗಿತ್ತು. ಮತ್ತೆ ಮೂಸಿದೆ, ಬಂತು.

ಓಡಿದೆ. "ಸಾಹೇಬರ, ಕುದರಿ! ಕುದರಿ ವಾಸನಿ ಬರತೈತ್ರಿ ಇದಕ್ಕ!" ಗೋವಿಂದಪ್ಪನವರಿಗೆ ತಲೆ ಕೆಟ್ಟಿತೆಂದೇ ಅನಿಸಿರಬೇಕು. ಹೆದರುತ್ತಲೇ ಇಂಗ್ಲಿಷಿಗೆ ತಿರುಗಿಸಿದರು. ಸಾಹೇಬರು ಕುರ್ಚಿ ಬಿಟ್ಟು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಅಪ್ಪ ಪೀಪಾಯಿ ತೆರೆದು ಮೂಸಿ, ಕುದುರೆ ಬಂತು ಎಂದರೆ ಬಿಯರು ಸಿದ್ಧವಾಯಿತೆಂದು ಅರ್ಥವಂತೆ.

"ಛಲೋ," ಎಂದರು ಸಾಹೇಬರು. "ಛಲೋ, ಛಲೋ."

೧ ಅಕ್ಟೋಬರ್

ಬೇರೆ ಯಾವ ವಾಸನೆಯೂ ಬಂದಿಲ್ಲ. ಖಾಲಿ ಬಾಟಲಿ ಇಟ್ಟುಕೊಂಡಿದ್ದೇನೆ, ದಿನಕ್ಕೆ ಎರಡು ಸಲ ಮೂಸುತ್ತೇನೆ. ಕುದುರೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಬಿಜಲಿ ಬದುಕಿದ್ದಾಗಲೂ ಹೀಗೇ ಇತ್ತು.

ಮದೀನಾ ಇವತ್ತು ಕೇಳಿದಳು: "ನಿಮ್ಮ ಅಪ್ಪಾ ಆ ಲಾಯದಾಗ ಕುಂತು ಏನ ಉಣ್ಣತಿದ್ರು?"

ಎಂಟು ದಿನದಿಂದ ಕಬಾಬು, ಕುರ್ಮಾ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಅಪ್ಪ ಸ್ಟೇಷನ್ನಿನಿಂದ ಬಂದು ಹುರುಳಿ ಚೀಲದ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ. ಖಡಕ್ ಜೋಳದ ರೊಟ್ಟಿ. ಟಾಂಗಾದಲ್ಲಿ ಮೊಸರು ತುಳುಕುತ್ತದೆಂದು ಅವ್ವ ಹಿಂದಿನ ದಿನವೇ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿದ ಗಟ್ಟಿ ಮೊಸರನ್ನು ಬುತ್ತಿಗೆ ಕಟ್ಟುತ್ತಿದ್ದಳು. ಅದನ್ನು ರೊಟ್ಟಿಗೆ ಬೆಣ್ಣೆಯ ಹಾಗೆ ಬಳಿದು, ಹರಳುಪ್ಪು ಉದುರಿಸಿ, ಹಸಿ ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಕಡಿದುಕೊಂಡು ತಿನ್ನುತ್ತಿದ್ದ. ಮೂಲಂಗಿಯ ಎಲೆ ಬಿಜಲಿಗೆ.

ಇದನ್ನು ಬಂಗಲೆಯ ಮೇಜಿನ ಮೇಲೆ ಇಡುವುದೇ? ಟಾಂಗಾದವನ ಬುತ್ತಿಯನ್ನು? "ಪೀಪಾಯಿ ಕಾಯಾವ್ರು ಪಲಾವ ಉಣ್ಣತಿದ್ರೇನ್ರಿ?" ಎಂದಳು ಮದೀನಾ. ಎದ್ದು ಜೋಳದ ಹಿಟ್ಟಿನ ಡಬ್ಬಿ ನೋಡಿದೆ.

೧೦ ಅಕ್ಟೋಬರ್

ಮುಗದ ಹಳ್ಳಿಯಿಂದ ಬೆಳಗಿನ ರೈಲಿಗೆ ಮೊಸರಿನ ಗಡಿಗೆ ಹೊತ್ತು ಬರುವ ಕಾಳವ್ವನಿಗೆ ಹೇಳಿಟ್ಟಿದ್ದೆವು. ನಿನ್ನೆಯೇ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದೆವು. ರೊಟ್ಟಿ ಮದೀನಾ ಬಡಿದಳು, ನಾನು ಕೆಂಡದಲ್ಲಿ ಒತ್ತಿ ಖಡಕ್ ಮಾಡಿದೆ. ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಹರಳುಪ್ಪು. ಒಂದು ಮೂಲೆಯಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಬೆಲ್ಲ. ಇಷ್ಟೇ.

ಗೋವಿಂದಪ್ಪನವರು ಮೇಜು ನೋಡಿ ಹಣೆ ಹಣೆ ಬಡಿದುಕೊಂಡರು. "ಖಾದರಬಾಷಾ, ಇವತ್ತರ ನಿನ್ನ ಪಲಾವು ಮಾಡಬಾರದೇನೋ? ನಿನ್ನ ಕೆಲಸದ ಮಾತೈತಿ ಇದು."

"ಗೊತ್ತೈತ್ರಿ" ಎಂದೆ.

ಸಾಹೇಬರು ಕೋಟು ಹಾಕಿಕೊಂಡು ಬಂದು ಕೂತರು. ಎರಡು ಲೋಟಕ್ಕೆ ಸುರಿದರು, ಒಂದನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟರು. ರೊಟ್ಟಿ ಮುರಿಯುವುದನ್ನು ನಾನು ತೋರಿಸಿದೆ. ಗಟ್ಟಿ ಮೊಸರು ಬಳಿದು, ಉಪ್ಪು ಉದುರಿಸಿ, ಮೂಲಂಗಿಯ ಹೋಳಿಟ್ಟು ಕೊಟ್ಟೆ. ಕಡಿದರು, ಅಗಿದರು, ಒಂದು ಗುಟುಕು ಕುಡಿದರು.

ಅಗಿಯುವುದು ನಿಂತಿತು. ಕೆಲಸ ಹೋಯಿತು ಎಂದುಕೊಂಡೆ. ಆಮೇಲೆ ನೋಡಿದರೆ ಆ ಉದ್ದನೆಯ ಮನುಷ್ಯ ಅಳುತ್ತಿದ್ದರು, ಅಳುತ್ತಲೇ ಇನ್ನೊಂದು ತುಂಡಿಗೆ ಕೈ ಹಾಕಿದರು.

ಅವರ ಊರಲ್ಲಿ ಅಪ್ಪ ಪೀಪಾಯಿಯ ಪಕ್ಕದಲ್ಲಿ ಕೂತು ಬ್ರೆಡ್ಡಿನ ಮೇಲೆ ಇಂಥದೇ ಬಿಳಿಯ, ಒಡೆದ ಹಾಲಿನ ಮೆತ್ತನೆಯ ಚೀಸು ಬಳಿದು, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇಟ್ಟು ತಿನ್ನುತ್ತಿದ್ದರಂತೆ, ಈ ಬಿಯರಿನ ಜೊತೆ. ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಕುದುರೆ ಹೇಳಿತು ಎಂದೆ. ಗೋವಿಂದಪ್ಪನವರು ಇದನ್ನು ಇಂಗ್ಲಿಷಿನಲ್ಲಿ ಹೇಳಿದರು.

ಮೊಸರಿನ ಜಿಡ್ಡನ್ನು ಬಿಯರಿನ ಹುಳಿ ತೊಳೆಯುತ್ತದಂತೆ, ಮೂಲಂಗಿಯ ಘಾಟು ಇಬ್ಬರನ್ನೂ ಎಚ್ಚರವಾಗಿಡುತ್ತದಂತೆ. ಶೇಂಗಾ ಚಟ್ನಿಯೂ ಕೂಡಿತು, ಸ್ವಲ್ಪವೇ ಮುಟ್ಟಿದರೆ. ಬೆಲ್ಲ ಕೂಡಲಿಲ್ಲ, ಬಿಯರು ನೀರಾಯಿತೆಂದರು. ಬೆಲ್ಲ ಬೇಡವೆಂದು ಮದೀನಾ ಮೊದಲೇ ಹೇಳಿದ್ದಳು.

ಖಾಲಿ ಕುರ್ಚಿಯ ಲೋಟವನ್ನು ಕೊನೆಗೆ ಹಿತ್ತಲ ಬೇವಿನ ಬುಡಕ್ಕೆ ಸುರಿದು ಬಂದರು.

೧೯ ಅಕ್ಟೋಬರ್

ಪೀಟರ್ಸ್ ಸಾಹೇಬರು ಇವತ್ತು ಮುಂಬಯಿ ರೈಲು ಹತ್ತಿದರು. ಬಂಗಲೆಯ ಪುಸ್ತಕದಲ್ಲಿ ಒಂದು ಪುಟ ಬರೆದಿದ್ದಾರೆ. ಗೋವಿಂದಪ್ಪನವರು ಓದಿ ಹೇಳಿದ್ದು ಒಂದೇ ಸಾಲು: ಈ ಅಡುಗೆಯವನನ್ನು ಬಿಡಬೇಡಿ.

"ನಾ ಬಿಡಬೇಕಂದ್ರೂ ಬಿಡಾಕ ಬರಂಗಿಲ್ಲ ಈಗ" ಎಂದರು. "ಆದ್ರ ಮದೀನಾಬಿಗೂ ನೌಕರಿ ಪತ್ರ ಕೊಡತೇನಿ. ಕೈ ಒಬ್ಬರದು, ನಾಲಿಗಿ ಒಬ್ಬರದು ಇದ್ರ ಬರಕತ್ತು."

ಯಾವ ಕೆಲಸಕ್ಕೆ ಯಾರಿದ್ದಾರೆ ಎಂದು ನಮ್ಮ ಅಡುಗೆಮನೆಗೆ ಗೊತ್ತು. ಒಲೆ ನನ್ನದು, ಮುಚ್ಚಳ ತೆಗೆಯುವವಳು ಅವಳು.

೨೫ ಅಕ್ಟೋಬರ್

ಶುಕ್ರವಾರ. ಬರೆಯುವಂಥದ್ದೇನೂ ಇಲ್ಲ. ಮಧ್ಯಾಹ್ನ ಬೇಳೆ ಅನ್ನ. ಮೊದಲ ತುತ್ತಿಗೇ ಸಿಟ್ಟು ಬಂತು.

"ಏನ ಅಡಗೀನ ಇದು? ಒಂದು ಹಳ್ಳು ಉಪ್ಪಿಲ್ಲ. ಮನಸ್ಸು ಎಲ್ಲಿಟ್ಟಿದ್ದಿ?" ಎಂದೆ, ಸ್ವಲ್ಪ ಜೋರಾಗಿಯೇ.

ಮದೀನಾ ಸೌಟು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಹನ್ನೊಂದು ಶುಕ್ರವಾರ ಆತ್ರಿ" ಎಂದಳು. "ಒಂದೂ ಬಿಟ್ಟಿಲ್ಲ ನಾ."

ಆ ಹನ್ನೊಂದು ಶುಕ್ರವಾರವೂ ಅವಳು ಅದೇ ಸಪ್ಪೆ ಬೇಳೆ ಉಂಡಿದ್ದಾಳೆ, ನನ್ನೆದುರಿಗೇ ಕೂತು. ಉಪ್ಪಿನ ಡಬ್ಬಿ ತರಲು ಎದ್ದಳು. ಬೇಡ, ಕೂಡು ಎಂದೆ. ತಾಟು ಮುಂದೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡೆ.